ಟೆನ್ಷನ್ ಶೇಷಪ್ಪ

ಶಿವಮೊಗ್ಗ–ಭದ್ರಾವತಿ ರೂಟಿನಲ್ಲಿ ಬಸ್ಸು ಓಡಿಸುವ ಶೇಷಪ್ಪನ ಬಾಯಿಗೆ ಬೀಳದೆ ಆ ರಸ್ತೆಯಲ್ಲಿ ಗಾಡಿ ಓಡಿಸಿದವರು ಯಾರಿದ್ದಾರೆ ಹೇಳಿ. ಎಡಗಡೆಯಿಂದ ನುಗ್ಗುವ ಆಟೋದವನಿಗೆ ಒಂದು, ನಡುರಸ್ತೆಯಲ್ಲಿ ಟ್ರಾಕ್ಟರ್ ನಿಲ್ಲಿಸಿಕೊಂಡು ಬೀಡಿ ಹಚ್ಚುವವನಿಗೆ ಒಂದು, ಕಿವಿಗೆ ವೈರು ಸಿಕ್ಕಿಸಿಕೊಂಡು ರಸ್ತೆ ದಾಟುವ ಕಾಲೇಜಿನವರಿಗೆ ಒಂದು. ಅವನು ಹುಟ್ಟಿ ಬೆಳೆದಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಎಡಕ್ಕೆ ತಮಿಳರ ಮನೆ, ಬಲಕ್ಕೆ ತೆಲುಗರ ಮನೆ. ಬೇರೆ ಮಕ್ಕಳು ಆ ಮನೆಗಳಿಗೆ ಹೋಗಿ ಇಡ್ಲಿ, ಪುಳಿಹೋರ ತಿಂದು ಬಂದರೆ ಇವನು ಬೈಗುಳ ಕಲಿತು ಬಂದ. ತಮಿಳಿನಲ್ಲಿ ಶುರು ಮಾಡಿ, ತೆಲುಗಿನಲ್ಲಿ ಏರಿಸಿ, ಕನ್ನಡದಲ್ಲಿ ಮುಗಿಸುವುದು ಅವನ ಪದ್ಧತಿ.

ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೈದಾದ ಮೇಲೆ ಆ ಮನುಷ್ಯನ ಮುಖವೂ ಶೇಷಪ್ಪನಿಗೆ ನೆನಪಿರುತ್ತಿರಲಿಲ್ಲ. ಬೈಗುಳ ಕಿಟಕಿಯಾಚೆ ಹೋಯಿತೋ, ಇವನ ಕಣ್ಣು ರಸ್ತೆಗೆ, ಕೈ ಸ್ಟೇರಿಂಗಿಗೆ. ಅವನ ಬಸ್ಸಿನಲ್ಲಿ ತುಂಬಿದ ಬಸುರಿಯೂ ನೆಮ್ಮದಿಯಾಗಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕ್ಲೀನರಾಗಿ ಸೇರಿದವನು, ಟಾಪಿನ ಮೇಲೆ ಅಡಿಕೆ ಮೂಟೆ ಹೇರಿ, ಹಳೇ ಡ್ರೈವರುಗಳ ಒದೆ ತಿಂದು, ಅವರು ಊಟಕ್ಕೆ ಹೋದಾಗ ಶೆಡ್ಡಿನಲ್ಲಿ ಗಾಡಿ ಹಿಂದೆ ಮುಂದೆ ಮಾಡಿ ಕಲಿತು ಆ ಸೀಟು ಹತ್ತಿದವನು. ಆ ಸೀಟು ಬಿಟ್ಟರೆ ಅವನಿಗೆ ಬೇರೆ ಪ್ರಪಂಚ ಇರಲಿಲ್ಲ. ಹಬ್ಬಕ್ಕೆ ರಜಾ ಕೊಟ್ಟರೆ ಅದಕ್ಕೂ ಬೈಯುತ್ತಿದ್ದ.

ಅದೇ ಬಸ್ಸಿನ ಕಂಡಕ್ಟರ್ ಚಂದ್ರಹಾಸ. ಅವನೊಬ್ಬ ನಗುಮುಖದವನು. "ಬನ್ನಿ ಅಕ್ಕ, ಮುಂದೆ ಸೀಟಿದೆ," "ನಿಧಾನ ಇಳೀರಿ ಅಜ್ಜ," ಹೀಗೆ ಬಾಯಿ ತುಂಬ ಬೆಲ್ಲ. ಚಿಲ್ಲರೆ ಇಲ್ಲದವರಿಗೂ ನಗು, ಟಿಕೆಟ್ ತಪ್ಪಿಸುವವರಿಗೂ ನಗು. ಇಂಥ ಮುಖ ಕಂಡರೆ ಶೇಷಪ್ಪನಿಗೆ ಮೈಯೆಲ್ಲ ಉರಿ. ಮೊದಲು ಹಾಗಿರಲಿಲ್ಲ, ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರೇ. ಆಮೇಲೆ ಯಾವನೋ ಆಫೀಸರ್ ಪ್ಯಾಸೆಂಜರ್, ಡ್ರೈವರ್ ಬಾಯಿ ಸರಿಯಿಲ್ಲ ಅಂತ ಮಾಲೀಕರಿಗೆ ದೂರು ಕೊಟ್ಟ. ಮಾಲೀಕರು ಕಂಡಕ್ಟರನ್ನು ಕರೆದು ಕೇಳಿದರು. ಇವನು ನಗುತ್ತಲೇ, "ಹೌದು ಯಜಮಾನ್ರೇ, ಬಾಯಿ ಸ್ವಲ್ಪ ಜಾಸ್ತಿನೇ," ಅಂದುಬಿಟ್ಟ. ಶೇಷಪ್ಪನಿಗೆ ಒಂದು ವಾರ ಗಾಡಿ ಸಿಗಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಗಂಡ ಹೆಂಡತಿ ಮಾತು ಬಿಟ್ಟರೂ ಸಂಸಾರ ನಡೆಯುವುದಿಲ್ಲವೇ, ಬಸ್ಸೂ ಹಾಗೇ ನಡೆಯುತ್ತಿತ್ತು.

ಬಸ್ಸಿನ ಮಾಲೀಕರು ಉಜ್ಜನಪ್ಪನವರು. ಹಣೆ ತುಂಬ ವಿಭೂತಿ, ಮಾತು ಕಮ್ಮಿ, ಕಟ್ಟುನಿಟ್ಟು ಜಾಸ್ತಿ. ಅವರ ಬಸ್ಸುಗಳಲ್ಲಿ ಒಂದು ಕಟ್ಟಳೆ ಇತ್ತು: ಗಾಡಿ ಸ್ಟಾರ್ಟ್ ಆಯಿತು ಅಂದರೆ ಡ್ರೈವರನ ಫೋನು ಕಂಡಕ್ಟರನ ಚೀಲದಲ್ಲಿರಬೇಕು. ಮನೆಯಿಂದ ಫೋನ್ ಬಂದರೆ ಕಂಡಕ್ಟರ್ ಎತ್ತಿ, ಡ್ಯೂಟಿಯಲ್ಲಿದ್ದಾರೆ ಅನ್ನಬೇಕು. ಒಳ್ಳೇ ಕಟ್ಟಳೆಯೇ. ಮಾತು ಬಿಟ್ಟ ಮೇಲೂ ಅದು ತಪ್ಪಲಿಲ್ಲ. ಬೆಳಗ್ಗೆ ಶೇಷಪ್ಪ ಮುಖ ಆಚೆ ತಿರುಗಿಸಿಕೊಂಡು ಫೋನನ್ನು ಬಾನೆಟ್ಟಿನ ಮೇಲೆ ಕುಕ್ಕುತ್ತಿದ್ದ. ಚಂದ್ರಹಾಸ ನಗುತ್ತ ಅದನ್ನೆತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಸಂಜೆ ಅದೇ ಬಾನೆಟ್ಟಿನ ಮೇಲೆ ವಾಪಸ್ಸು. ಇದು ಹಲ್ಲುಜ್ಜಿದ ಹಾಗೆ ರೂಢಿಯಾಗಿ ಹೋಗಿತ್ತು.

ಹೀಗಿರುವಾಗ ಕುಂಸಿ ದಾಟಿದ ಮೇಲೆ ಯಾವುದೋ ಬೇರೆ ಬಸ್ಸು ಮರಕ್ಕೆ ಗುದ್ದಿತು. ಡ್ರೈವರ್ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದನಂತೆ, ತಲೆ ಕೆಟ್ಟಿತ್ತಂತೆ. ಅದನ್ನು ಕೇಳಿ ಉಜ್ಜನಪ್ಪನವರ ಸೊಸೆ ವಿದ್ಯಾಶ್ರೀ ಒಂದು ಆ್ಯಪ್ ತಂದಳು. ಮಾವನಿಗೆ ಮಂಡಿ ನೋವು ಶುರುವಾದ ಮೇಲೆ ಆಫೀಸು ನೋಡಿಕೊಳ್ಳುತ್ತಿದ್ದವಳು ಅವಳೇ. ಕೆಟ್ಟವಳಲ್ಲ, ಆದರೆ ಕಂಪ್ಯೂಟರು ಹೇಳಿದ್ದನ್ನು ದೇವರ ಅಪ್ಪಣೆ ಅಂತ ನಂಬುವವಳು. ಶಿವಮೊಗ್ಗದ ಸಾಗರ ರಸ್ತೆಯ ಶೆಡ್ಡಿನಲ್ಲಿ ಡ್ರೈವರುಗಳನ್ನೆಲ್ಲ ಕೂರಿಸಿಕೊಂಡು, ಅವರವರ ಫೋನಿಗೆ ಅದನ್ನು ಹಾಕಿಸಿ ಹೇಳಿದಳು.

"ಫೋನ್ ಹಿಡಿದಾಗ ನಿಮ್ಮ ಕೈ ಎಷ್ಟು ನಡುಗುತ್ತೆ, ಸುಮ್‌ಸುಮ್ನೆ ಎಷ್ಟು ಸಲ ಫೋನ್ ತೆಗೆದು ನೋಡ್ತೀರಿ, ಎಷ್ಟು ಸಲ ಕಾಲ್ ಮಾಡಿ ಕಟ್ ಮಾಡ್ತೀರಿ, ಎಷ್ಟು ಹೊತ್ತು ಮಲಗ್ತೀರಿ, ಎಲ್ಲಾ ಇದು ನೋಡ್ತಾ ಇರುತ್ತೆ. ನಿಮ್ಮ ಮನಸ್ಸಿಗೆ ಒತ್ತಡ ಜಾಸ್ತಿ ಆದ್ರೆ ಆಫೀಸಲ್ಲಿ ಕೆಂಪು ಬೀಳುತ್ತೆ. ಆರಾಮಾಗಿದ್ರೆ ಹಸಿರು. ಒಳಗಿನ ವಿವರ ನಮಗೆ ಕಾಣಲ್ಲ. ಅದನ್ನ ತೆಗೀಬೇಕು ಅಂದ್ರೆ ನಿಮ್ಮ ಒಪ್ಪಿಗೆ ಬೇಕು."

"ಕೆಂಪು ಬಿದ್ರೆ?" ಅಂತ ಒಬ್ಬ ಕೇಳಿದ.

"ಗಾಡಿ ಕೊಡಲ್ಲ," ಅಂದರು ಉಜ್ಜನಪ್ಪ. ಅಷ್ಟೇ ಅವರ ಮಾತು.

ಶೇಷಪ್ಪ ಮೀಸೆಯಡಿಯಲ್ಲೇ ನಕ್ಕ. ಅವನಿಗೇನು ಹೆದರಿಕೆ? ಸಾಲವಿಲ್ಲ, ಸೋಲವಿಲ್ಲ, ಇಬ್ಬರು ಗಂಡುಮಕ್ಕಳು ಅವರವರ ಪಾಡಿಗೆ ದುಡಿಯುತ್ತಿದ್ದಾರೆ, ಮಲಗಿದರೆ ಎಬ್ಬಿಸುವುದಕ್ಕೆ ಹೆಂಡತಿ ದ್ಯಾಮಮ್ಮ ನೀರು ಚಿಮುಕಿಸಬೇಕು.

ಆದರೆ ಕೆಂಪು ಬಿದ್ದಿದ್ದು ಶೇಷಪ್ಪನಿಗೇ. ಒಂದು ದಿನವಲ್ಲ, ಎರಡು ದಿನವಲ್ಲ. ರಾತ್ರಿಯೆಲ್ಲ ಹಸಿರು, ಬೆಳಗ್ಗೆ ಸ್ಟೇರಿಂಗ್ ಹಿಡಿದ ಮೇಲೆ ಕೆಂಪು. ವಿದ್ಯಾಶ್ರೀ ಕರೆಸಿ, ಕುರ್ಚಿ ಕೊಟ್ಟು, ಕಾಯಿಲೆಯವರ ಹತ್ತಿರ ಮಾತಾಡುವ ಧ್ವನಿಯಲ್ಲಿ ಮಾತಾಡಿದಳು. ಅದಕ್ಕಿಂತ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಶೇಷಪ್ಪ, ಏನಾದ್ರೂ ಮನಸ್ಸಲ್ಲಿ ಇಟ್ಕೊಂಡಿದ್ದೀರಾ?"

"ಇಟ್ಕೊಳ್ಳೋ ಅಭ್ಯಾಸನೇ ಇಲ್ಲ ಮೇಡಂ. ಬಂದಿದ್ದು ಬಂದ ಹಾಗೇ ಅಂದು ಬಿಸಾಕ್ತೀನಿ. ರೋಡಲ್ಲಿ ಯಾರನ್ನ ಬೇಕಾದ್ರೂ ಕೇಳಿ."

"ಅದೇ ನಾನೂ ಹೇಳ್ತಿರೋದು. ನೀವು ಬೈಯೋದೇ ಒತ್ತಡದ ಲಕ್ಷಣ."

ಶೇಷಪ್ಪನಿಗೆ ನಾಲಗೆ ತುದಿಗೆ ತಮಿಳು ಬಂತು. ಯಜಮಾನರ ಸೊಸೆ ಅಂತ ನುಂಗಿಕೊಂಡ. "ನನಗೆ ಟೆನ್ಷನ್ ಇರ್ಲಿಲ್ಲ ಮೇಡಂ. ಇದೆ ಇದೆ ಅಂತ ನೀವು ಹೇಳಿದ್ಮೇಲೆ ಶುರುವಾಗಿದೆ," ಅಂದ.

"ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ," ಅಂದಳು ಅವಳು.

ರೆಸ್ಟ್ ಅಂದರೆ ಶೆಡ್ಡು. ಟೈರಿಗೆ ಗಾಳಿ ನೋಡುವುದು, ಡೀಸೆಲ್ ಹಾಕಿಸಿದ್ದಕ್ಕೆ ಸಹಿ ತೆಗೆದುಕೊಳ್ಳುವುದು, ಬೇರೆಯವರು ಗಾಡಿ ಹಿಂದಕ್ಕೆ ತೆಗೆಯುವಾಗ ಬಾ ಬಾ ಅಂತ ಕೈ ಬೀಸುವುದು. ಅವನ ಬಸ್ಸಿಗೆ ಪ್ರಸನ್ನಕುಮಾರ್ ಅಂತ ಮೊನ್ನೆ ಸೇರಿದವನನ್ನು ಹತ್ತಿಸಿದರು. ಆ ಪುಣ್ಯಾತ್ಮ ಗೇರು ಹಾಕಿದರೆ ಬಸ್ಸು ಹಲ್ಲು ಕಡಿಯುತ್ತಿತ್ತು. ಕೇಳಿದರೆ ಶೇಷಪ್ಪನ ಎಡಗಾಲು ತಾನಾಗೇ ಇಲ್ಲದ ಕ್ಲಚ್ಚು ತುಳಿಯುತ್ತಿತ್ತು. ಮೆಕ್ಯಾನಿಕ್ಕುಗಳಿಗೋ ಹಬ್ಬ. "ಟೆನ್ಷನ್ ಶೇಷಪ್ಪ, ಸ್ಪ್ಯಾನರ್ ಕೊಡು. ಟೆನ್ಷನ್ ಶೇಷಪ್ಪ, ಟೀ ಹೇಳು." ವರ್ಷಗಟ್ಟಲೆ ಇವನಿಂದ ಬೈಸಿಕೊಂಡಿದ್ದಕ್ಕೆಲ್ಲ ಸೇರಿಸಿ ವಸೂಲಿ ಮಾಡಿಕೊಂಡರು. ಬಸ್‌ಸ್ಟ್ಯಾಂಡಿನ ಹಣ್ಣಿನವಳಿಗೂ ಆ ಹೆಸರು ಗೊತ್ತಾಯಿತು. ಎಲ್ಲರನ್ನೂ ತಿರುಗಿ ಬೈದ. ಬೈದಷ್ಟೂ ಅವರು, ನೋಡಿ ಪಾಪ, ಕೆಂಪು ಬಿತ್ತು, ಅಂತ ನಕ್ಕರು. ಇಷ್ಟು ವರ್ಷ ಅನ್ನ ಹಾಕಿದ ಬಾಯಿಯಲ್ಲದಿದ್ದರೂ ಮಾನ ಕಾಪಾಡಿದ ಬಾಯಿ ಅದು. ಈಗ ಅದಕ್ಕೂ ಬೆಲೆ ಹೋಯಿತು.

ಶೆಡ್ಡಿನಲ್ಲಿ ಕಂಡಕ್ಟರ್ ಇಲ್ಲವಲ್ಲ, ಫೋನು ಅವನ ಅಂಗಿ ಜೇಬಿನಲ್ಲೇ ಇತ್ತು. ಅಲ್ಲಿ ಅವನು ಒಳಗೊಳಗೇ ಬೆಂದು ಹೋಗುತ್ತಿದ್ದರೂ ಆಫೀಸಿನಲ್ಲಿ ಹಸಿರು ಬಿತ್ತು. ಮರುದಿನವೂ ಹಸಿರು. ಆ ದರಿದ್ರ ಆ್ಯಪಿಗೆ ಕಂಡಿದ್ದೇನು ಅಂದರೆ, ಈ ಮನುಷ್ಯ ಫೋನ್ ಮುಟ್ಟುವುದೇ ಇಲ್ಲ, ಕೈ ನಡುಗುವುದೇ ಇಲ್ಲ. ವಿದ್ಯಾಶ್ರೀ ಖುಷಿಯಿಂದ ಶೆಡ್ಡಿಗೇ ಇಳಿದು ಬಂದಳು.

"ನೋಡಿ ಶೇಷಪ್ಪ, ಸ್ಟೇರಿಂಗ್ ಬಿಟ್ಟಿದ್ದೇ ಬಿಟ್ಟಿದ್ದು, ನಿಮ್ಮ ಆರೋಗ್ಯ ಹೇಗಾಯ್ತು. ಮಾವನವರ ಹತ್ರ ಮಾತಾಡಿದ್ದೀನಿ. ನೀವಿನ್ನು ಗಾಡಿ ಹತ್ತೋದೇ ಬೇಡ. ಇಲ್ಲೇ ಖಾಯಂ ಆಗಿ ಇದ್ದುಬಿಡಿ."

ಶೇಷಪ್ಪ ಕೈಯಲ್ಲಿದ್ದ ಗಾಳಿ ಪೈಪು ಅಲ್ಲೇ ಬಿಸಾಕಿದ. ಮಧ್ಯಾಹ್ನವೇ ಮನೆಗೆ ಬಂದ. ಭದ್ರಾವತಿಯ ಜನ್ನಾಪುರದ ಮನೆಯ ಜಗಲಿ ಮೇಲೆ ಕೂತು ಶುರು ಮಾಡಿದ: ಯಜಮಾನರಿಗೆ, ಸೊಸೆಗೆ, ಆ್ಯಪ್ ಮಾಡಿದವನ ವಂಶಕ್ಕೆ, ನಡುವೆ ಸಾರಿಗೆ ಉಪ್ಪು ಕಮ್ಮಿ ಅಂತ ದ್ಯಾಮಮ್ಮನಿಗೆ. ದ್ಯಾಮಮ್ಮ ಹೆದರುವ ಹೆಂಗಸಲ್ಲ.

"ನಿಮಗೆ ಟೆನ್ಷನ್ನಂತೆ. ನೀವು ಊರಿಗೆಲ್ಲ ಹಂಚೋರು, ನಿಮ್ಮ ಹತ್ರ ಉಳಿಯೋದೆಲ್ಲಿ?" ಅಂದಳು. "ಸಾಕು ನಿಲ್ಸಿ. ಮೊದಲೇ ಚೆನ್ನಾಗಿತ್ತು. ಫೋನ್ ಮಾಡಿದ್ರೆ ಆ ಚಂದ್ರಹಾಸಣ್ಣ ಎತ್ತಿ, ಹೇಳಿ ಅತ್ತಿಗೆ ಅಂತ ಮರ್ಯಾದೆಯಾಗಿ ಮಾತಾಡೋರು. ಈಗ ನೀವೇ ಎತ್ತಿ ನಾಯಿ ಥರ ಬೊಗಳ್ತೀರಿ."

ಶೇಷಪ್ಪ ಬೈಯುವುದನ್ನು ನಿಲ್ಲಿಸಿದ. ಹಗಲೆಲ್ಲ ಆ ಫೋನು ಇದ್ದಿದ್ದು ಚಂದ್ರಹಾಸನ ಕೈಯಲ್ಲಿ. ಅಂದಮೇಲೆ ಕೆಂಪು ಬಿದ್ದಿದ್ದು ಯಾರಿಗೆ? ಇಂಥ ಸಣ್ಣ ವಿಷಯ ಅವನಿಗೂ ಹೊಳೆದಿರಲಿಲ್ಲ, ಓದಿದ ವಿದ್ಯಾಶ್ರೀಗೂ ಹೊಳೆದಿರಲಿಲ್ಲ, ಆ ಕಟ್ಟಳೆ ಮಾಡಿದ ಉಜ್ಜನಪ್ಪನವರಿಗೂ ಹೊಳೆದಿರಲಿಲ್ಲ. ದಿನಾ ಮಾಡುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ಅದರ ಕರ್ಮ.

ಊಟ ಅರ್ಧಕ್ಕೇ ಬಿಟ್ಟು ಎದ್ದವನು ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಚಂದ್ರಹಾಸನನ್ನು ಹಿಡಿದ. ಬಸ್ಸಿಗೆ ಜನ ಹತ್ತುತ್ತಿದ್ದರು. ಮಾತು ಬಿಟ್ಟಾದ ಮೇಲೆ ಅವನು ಆಡಿದ ಮೊದಲನೇ ಮಾತು ಇದು:

"ನನ್ನ ಫೋನಲ್ಲಿ ಏನೋ ಮಾಡ್ತಿದ್ದೆ, ಬೇವರ್ಸಿ?"

ಚಂದ್ರಹಾಸ ನಕ್ಕ. ಆದರೆ ಟಿಕೆಟ್ ಮಿಷಿನ್ ಹಿಡಿದ ಬೆರಳು ನಿಂತಿತು. "ನಿನ್ನ ಫೋನು ನಂಗ್ಯಾಕೆ ಮಾರಾಯ? ಹುಷಾರಿಲ್ಲ ನಿಂಗೆ, ಹೋಗಿ ಮಲಕ್ಕೋ," ಅಂದ. ಅಂದವನೇ ಎರಡು ಸೀಟಿ ಊದಿದ. ಪ್ರಸನ್ನಕುಮಾರ ಹಲ್ಲು ಕಡಿಸುತ್ತ ಗಾಡಿ ತೆಗೆದ. ಶೇಷಪ್ಪನ ಮುಖಕ್ಕೆ ಅವನದೇ ಬಸ್ಸಿನ ಹೊಗೆ.

ಮರುದಿನ ಬೆಳಗ್ಗೆ ಅವನು ಸೀದಾ ಆಫೀಸಿಗೆ ನುಗ್ಗಿದ. ಉಜ್ಜನಪ್ಪನವರೂ ಇದ್ದರು. ಫೋನನ್ನು ಮೇಜಿನ ಮೇಲೆ ಕುಕ್ಕಿ, "ಒಪ್ಪಿಗೆ ಅಂದ್ರಲ್ಲ ಮೇಡಂ, ತಗೊಳ್ಳಿ ಒಪ್ಪಿಗೆ. ಒಳಗಡೆ ಏನಿದೆ ತೆಗೀರಿ. ಗಾಡಿ ಓಡ್ಸೋವಾಗ ಈ ಫೋನ್ ನನ್ನ ಹತ್ರ ಇರ್ಲೇ ಇಲ್ಲ," ಅಂದ.

ವಿದ್ಯಾಶ್ರೀ ಮಾವನ ಮುಖ ನೋಡಿದಳು. ಮಾವ ತಮ್ಮ ಕಟ್ಟಳೆ ನೆನಪಾಗಿ ಕೆಮ್ಮಿದರು. ಅವಳು ಕಂಪ್ಯೂಟರಿನಲ್ಲಿ ಏನೇನೋ ಒತ್ತಿದಳು. ನೋಡುತ್ತ ನೋಡುತ್ತ ಅವಳ ಮುಖ ಬಿಗಿಯಿತು. ಒಂದೇ ನಂಬರಿಗೆ ದಿನಾ ಕಾಲ್, ಬಸ್ಸು ಓಡುವ ಹೊತ್ತಿನಲ್ಲಿ. ಮಾಡುವುದು, ಕಟ್ ಮಾಡುವುದು, ಮತ್ತೆ ಮಾಡುವುದು. ಮಾತಿಲ್ಲ. ಆಮೇಲೆ ಕಾಲ್ ಮಾಡಿದ ಗುರುತು ಅಳಿಸುವುದು. ಫೋನಿನಲ್ಲಿ ಅಳಿಸಿದ್ದು ಆ್ಯಪಿನಲ್ಲಿ ಉಳಿದಿತ್ತು. ಹಿಡಿದ ಕೈ ಮಾತ್ರ ಜ್ವರ ಬಂದವರ ಹಾಗೆ ನಡುಗಿತ್ತು.

"ಯಾರದ್ದು ಈ ನಂಬರ್?" ಅಂತ ಕೇಳಿದಳು.

"ನಂಗೇನು ಗೊತ್ತು?"

"ಹತ್ರ ಇರ್ಲಿಲ್ಲ ಅಂತ ನೀವು ಹೇಳ್ತೀರಿ. ನಿಮ್ಮ ಫೋನು, ನಿಮಗೆ ಗೊತ್ತಿಲ್ವಾ? ಫೋನ್ ಮಾಡಿ ಮಾತಾಡದೆ ಕಟ್ ಮಾಡೋದು ಅಂದ್ರೆ ಏನರ್ಥ ಶೇಷಪ್ಪ? ಇದು ಹೆಣ್ಣುಮಕ್ಕಳ ನಂಬರ್ ಆಗಿದ್ರೆ ನಾನು ಸುಮ್ನಿರಲ್ಲ."

ಇಷ್ಟು ಹೊತ್ತು ಹೋಗಿದ್ದು ಸೀಟು. ಈಗ ಮಾನಕ್ಕೇ ಬಂತು. "ಚಂದ್ರಹಾಸನ್ನ ಕರೆಸಿ," ಅಂತ ಶೇಷಪ್ಪ ಕೂಗಿದ ಕೂಗಿಗೆ ಶೆಡ್ಡಿನಲ್ಲಿ ಸ್ಪ್ಯಾನರು ಬಿತ್ತು.

ಟ್ರಿಪ್ಪು ಮುಗಿಸಿ ಬಂದ ಚಂದ್ರಹಾಸನನ್ನು ಮೇಲಕ್ಕೆ ಕರೆಸಿದರು. ಬಾಗಿಲಲ್ಲಿ ಮೆಕ್ಯಾನಿಕ್ಕುಗಳೂ ಬಂದು ನಿಂತರು. ಉಜ್ಜನಪ್ಪನವರು ನೇರವಾಗಿ ಕೇಳಿದರು. "ಶೇಷಪ್ಪನ ಫೋನಿಂದ ಕಾಲ್ ಮಾಡ್ತಿದ್ದಿದ್ದು ನೀನೇನೋ?"

ಚಂದ್ರಹಾಸ ಕೈ ಕಟ್ಟಿಕೊಂಡು ನಿಂತಿದ್ದ. ಮುಖದ ತುಂಬ ಅದೇ ನಗು. "ನಂಗೊತ್ತಿಲ್ಲ ಯಜಮಾನ್ರೇ. ಚೀಲಕ್ಕೆ ಹಾಕಿ ಇಟ್ಟಿರ್ತಿದ್ದೆ, ಅಷ್ಟೇ. ಪಾಪ, ಅವರಿಗೆ ಮೈ ಸರಿಯಿಲ್ಲ. ಏನೋ ಅಂತಾರೆ."

ಈ 'ಪಾಪ' ಅನ್ನುವ ಮಾತಿಗೆ ಶೇಷಪ್ಪ ಕುದಿದು ಹೋದ. ಕಂಪ್ಯೂಟರಿನಲ್ಲಿದ್ದ ನಂಬರು ನೋಡಿ ನೋಡಿ ಒಂದೊಂದೇ ಒತ್ತಿದ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟ. ರಿಂಗಾಯಿತು. ಒಂದು ಹುಡುಗಿ ಎತ್ತಿತು.

"ಅಪ್ಪಾ?"

ಶೇಷಪ್ಪನಿಗೆ ಹೆಣ್ಣುಮಕ್ಕಳಿಲ್ಲ ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತು.

"ಇಷ್ಟು ದಿನ ಯಾಕಪ್ಪಾ ಮಾಡಿಲ್ಲ? ಹುಷಾರಿಲ್ವೇನೋ ಅಂದ್ಕೊಂಡೆ. ನೀವೇ ಅಂತ ನಂಗೊತ್ತು. ಮಾಚೇನಹಳ್ಳಿ ಇಳಿಯೋರು ಬನ್ನಿ ಅಂತ ನೀವು ಕೂಗೋದು ಕೇಳ್ಸುತ್ತೆ. ಇವತ್ತಾದ್ರೂ ಒಂದು ಮಾತಾಡಿ ಅಪ್ಪಾ."

ಎಲ್ಲರೂ ಚಂದ್ರಹಾಸನನ್ನು ನೋಡಿದರು. ಅವನಿಗಿದ್ದವಳು ಒಬ್ಬಳೇ ಮಗಳು, ಸಮತಾ. ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ, ರಜಾ ಸಿಗುವುದಿಲ್ಲ, ಅದಕ್ಕೇ ಊರಿಗೆ ಬರುವುದಿಲ್ಲ ಅಂತ ಎಲ್ಲರಿಗೂ ನಗುನಗುತ್ತ ಹೇಳಿಕೊಂಡು ಬಂದಿದ್ದ. ಕೇಳದೇ ಇದ್ದವರಿಗೂ ಹೇಳಿದ್ದ.

"ಮಾತಾಡೋ," ಅಂದ ಶೇಷಪ್ಪ. "ನನ್ನ ಸ್ಟೇರಿಂಗ್ ಕಿತ್ಕೊಂಡು ಮಾಡಿರೋ ಫೋನು ಇದು. ಬಾಯಿ ಬಿಡು."

ಚಂದ್ರಹಾಸ ಒಂದು ಹೆಜ್ಜೆ ಮುಂದೆ ಬಂದ. ಬಗ್ಗಿದ. ನಗು ಹಾಗೇ ಇತ್ತು, ಪ್ಯಾಸೆಂಜರಿಗೆ ಹೇಳುವ ಧ್ವನಿಯಲ್ಲೇ ಹೇಳಿದ.

"ರಾಂಗ್ ನಂಬರಮ್ಮ."

ಹೇಳಿ ಕಟ್ ಮಾಡಿದ.

ಆಮೇಲೆ ಯಾರೂ ಏನೂ ಕೇಳಬೇಕಾಗಿರಲಿಲ್ಲ. ಆದರೂ ಉಜ್ಜನಪ್ಪನವರು ಕೇಳಿದರು, ಅವನೂ ಹೇಳಿದ. ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೊಳೆಹೊನ್ನೂರಿನಲ್ಲಿದ್ದಾಳೆ. ಬಸ್ಸು ಹತ್ತಿದರೆ ಬೀಡಾ ಮೆಲ್ಲುವಷ್ಟರಲ್ಲಿ ಸಿಗುವ ಊರು. ನಮ್ಮ ಪಾಲಿಗೆ ಸತ್ತಳು ಅಂತ ಅಣ್ಣತಮ್ಮಂದಿರ ಎದುರು ಇವನೇ ತಲೆ ಮೇಲೆ ನೀರು ಹೊಯ್ದುಕೊಂಡಿದ್ದ. ಹಾಗೆ ಮಾಡಿದವನು ತನ್ನ ಫೋನಿನಿಂದ ಕರೆ ಮಾಡುವುದು ಹೇಗೆ? ಆದ್ದರಿಂದ ಶೇಷಪ್ಪನ ಫೋನು. ಅವಳು ಹಲೋ ಅನ್ನುವುದನ್ನು ಕೇಳಿ ಕಟ್ ಮಾಡುತ್ತಿದ್ದ. ಸಾಲದು ಅನ್ನಿಸಿದರೆ ಇನ್ನೊಂದು ಸಲ.

"ಮರ್ಯಾದೆ ಪ್ರಶ್ನೆ ಯಜಮಾನ್ರೇ," ಅಂದ ಕೊನೆಗೆ. ಆ ಮರ್ಯಾದೆಗಾಗಿ ಇನ್ನೊಬ್ಬನ ಅನ್ನ ಹೋದರೂ ಅವನು ತುಟಿ ಎರಡು ಮಾಡಿರಲಿಲ್ಲ ನೋಡಿ. ಬೈಯುವವರನ್ನು ಕಂಡರೆ ಜನ ದೂರ ಸರಿಯುತ್ತಾರೆ. ನಾನಾದರೆ ಇಂಥ ನಗುವವರನ್ನು ಕಂಡು ಸರಿಯುತ್ತೇನೆ.

"ನಾಳೆಯಿಂದ ಶೇಷಪ್ಪ ಗಾಡಿ ಹತ್ತಲಿ," ಅಂದರು ಉಜ್ಜನಪ್ಪ.

ವಿದ್ಯಾಶ್ರೀ ಚಂದ್ರಹಾಸನ ಕಡೆ ತಿರುಗಿ, "ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ," ಅಂದಳು.

ಶೇಷಪ್ಪ ಗೆದ್ದ. ಮೆಟ್ಟಿಲಿಳಿಯುವಾಗ ಮೂರು ಭಾಷೆಯಲ್ಲೂ ಆರಿಸಿ ಇಟ್ಟುಕೊಂಡೇ ಇಳಿದ. ಕೆಳಗೆ ಶೆಡ್ಡಿನಲ್ಲಿ, ನಿಂತ ಬಸ್ಸಿನ ಪಕ್ಕ, ಚಂದ್ರಹಾಸ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಶೇಷಪ್ಪ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅದೇ ನಂಬರು.

"ಶೇಷಪ್ಪ ಅಂಕಲ್ ಅಲ್ವಾ? ಫೋನಲ್ಲಿ ನಿಮ್ಮ ಹೆಸರು ಬರುತ್ತೆ," ಅಂದಿತು ಹುಡುಗಿ. "ಅಪ್ಪ ಅಲ್ಲಿದ್ದಾರಾ?"

"ಇದ್ದಾನೆ. ಕೊಡ್ಲಾ?"

"ಬೇಡ. ಒಂದು ಮಾತು ಹೇಳ್ಬಿಡಿ ಅಂಕಲ್. ಇವತ್ತಲ್ಲ ನಾಳೆ ಮಾತಾಡ್ತಾರೆ ಅಂತ ನಾನು ದಿನಾ ಎತ್ತುತ್ತಿದ್ದೆ. ಇವತ್ತು ಮಾತಾಡಿದ್ರಲ್ಲ, ಆಯ್ತು. ಇನ್ಮೇಲೆ ಯಾರ ಫೋನಿಂದ ಮಾಡಿದ್ರೂ ಎತ್ತಲ್ಲ. ಇಡ್ತೀನಿ."

ಶೇಷಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ. ಮುಚ್ಚಿಡುವುದು ಅವನಿಗೆ ಬರುವುದಿಲ್ಲ, ಕಲಿತಿಲ್ಲ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ, ಚಂದ್ರಹಾಸನ ಮುಖ ನೋಡಿಕೊಂಡೇ ಹೇಳಿದ.

ಚಂದ್ರಹಾಸ ಬಸ್ಸಿನ ಮೆಟ್ಟಿಲ ಮೇಲೆ ಕೂತ. ಖಾಲಿ ಚೀಲ ತೊಡೆ ಮೇಲೆ ಇಟ್ಟುಕೊಂಡು ಒಂದೇ ಒಂದು ಕೇಳಿದ.

"ಅಳ್ತಿದ್ಳಾ?"

ಹೌದು ಅಂದುಬಿಟ್ಟಿದ್ದರೆ ಆ ಮನುಷ್ಯ ಇನ್ನೂ ನಾಲ್ಕು ದಿನ ಅದನ್ನು ಹಿಡಿದುಕೊಂಡು ಬದುಕುತ್ತಿದ್ದನೇನೋ. ಶೇಷಪ್ಪನಿಗೂ ಅದು ಗೊತ್ತಾಯಿತು.

"ಇಲ್ಲ," ಅಂದ. "ಅಳೋದಿರ್ಲಿ, ಅವಳ ಧ್ವನೀಲಿ ಒಂಚೂರು ಟೆನ್ಷನ್ನೂ ಇರ್ಲಿಲ್ಲ ಕಣೋ."